31 ಪರ್ಸೆಂಟಿನ ಸುಳ್ಳು

ಬ್ಯಾಟರಿ ಇನ್ನೂ 31% ಇದೆ ಅನ್ನುತ್ತಿದ್ದ ಲ್ಯಾಪ್‌ಟಾಪ್ ನಿನ್ನೆ ರಾತ್ರಿ ಪಟ್ ಅಂತ ಆರಿಹೋಯಿತು. ಸೇವ್ ಮಾಡದ ಎರಡು ಪುಟ ಗೋವಿಂದ. ವಾರದಲ್ಲಿ ಇದು ಮೂರನೇ ಸಲ.

ಮೊದಲು ಬೈದದ್ದು ಲ್ಯಾಪ್‌ಟಾಪ್ ನಡೆಸುವ ಆಪರೇಟಿಂಗ್ ಸಿಸ್ಟಂ ಉಬುಂಟುವನ್ನು. ಪಾಪ, ಅದು ಬ್ಯಾಟರಿ ಹೇಳಿದ್ದನ್ನೇ ನನಗೆ ಹೇಳುತ್ತಿತ್ತು ಅಷ್ಟೇ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಬ್ಯಾಟರಿಯ ವಿವರ ತೋರಿಸುವ ಯುಪವರ್ ಓಡಿಸಿ ನೋಡಿದೆ. ಹೊಸದರಲ್ಲಿ 48 ವ್ಯಾಟ್-ಅವರ್ (ವಿದ್ಯುತ್ ಶಕ್ತಿಯ ಅಳತೆ) ಹಿಡಿಯುತ್ತಿದ್ದ ಬ್ಯಾಟರಿ ಈಗ 29 ಅನ್ನುತ್ತಿದೆ. ಆ 29 ಕೂಡ ಅಂದಾಜೇ! ಬ್ಯಾಟರಿಯೊಳಗೆ ಒಂದು ಪುಟ್ಟ ಚಿಪ್ ಕೂತು, ಎಷ್ಟು ಕರೆಂಟ್ ಬಂತು, ಎಷ್ಟು ಹೋಯಿತು ಅಂತ ಲೆಕ್ಕ ಬರೆಯುತ್ತಿರುತ್ತದೆ. ನಾನೋ, ಎರಡು ವರ್ಷದಿಂದ ಚಾರ್ಜರ್ ಕಿತ್ತದ್ದೇ ಅಪರೂಪ. ಒಮ್ಮೆಯೂ ಖಾಲಿಯಾಗದ ಪಾತ್ರೆಯ ತಳ ಎಲ್ಲಿದೆ ಅಂತ ಆ ಚಿಪ್ಪಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಇವತ್ತು ಪೂರ್ತಿ ತುಂಬಿಸಿದೆ. ಚಾರ್ಜರ್ ಕಿತ್ತು ತಾನಾಗಿ ಆರುವ ತನಕ ಬಿಟ್ಟೆ. ಆಮೇಲೆ ಮಧ್ಯೆ ನಿಲ್ಲಿಸದೆ ಮತ್ತೆ 100ಕ್ಕೆ ತಂದೆ. ಈಗ 21 ವ್ಯಾಟ್-ಅವರ್ ಅಂತ ಒಪ್ಪಿಕೊಂಡಿದೆ. ಹೊಟ್ಟೆ ಉರಿಯಿತು, ಆದರೆ ಲೆಕ್ಕ ಸರಿಹೋಯಿತು. (ಪದೇಪದೇ ಹೀಗೆ ಮಾಡಬೇಡಿ, ಲಿಥಿಯಂ ಬ್ಯಾಟರಿ ಇನ್ನೂ ಬೇಗ ಸವೆಯುತ್ತದೆ.)

ಇಷ್ಟೆಲ್ಲ ಹೇಳಿದರೆ ಅಮ್ಮ ಸುಮ್ನೆ ನಕ್ಕಳು. ಅವಳು ಗ್ಯಾಸ್ ಸಿಲಿಂಡರಿಗೆ ಒದ್ದೆ ಬಟ್ಟೆ ಒರೆಸಿ, ತೇವ ಎಲ್ಲಿ ತನಕ ಆರದೆ ಉಳಿದಿದೆ ನೋಡಿ, ಇನ್ನೆಷ್ಟು ದಿನ ಬರುತ್ತದೆ ಅಂತ ಹೇಳುವವಳು. ಒಂದು ದಿನ ಆಚೀಚೆ ಆದರೆ ಜಾಸ್ತಿ.