ಒಂಬತ್ತನೇ ಸಲ ಸತ್ತೆ

ರಾತ್ರಿ ಹನ್ನೊಂದೂವರೆಗೆ ಒಂಬತ್ತನೇ ಸಲ ಸತ್ತೆ.

ಮೆಟ್ರಾಯ್ಡ್: ಝೀರೋ ಮಿಷನ್. 2004ರ ಗೇಮ್ ಬಾಯ್ ಅಡ್ವಾನ್ಸ್ ಆಟ, ನಾನು ಆಡ್ತಿರೋದು ಈಗ. (ನಗಬೇಡಿ.)

ಆಟದ ನಾಯಕಿ ಸ್ಯಾಮಸ್ ಮೈಮೇಲೆ ಕವಚ ಇಲ್ಲ. ಕೈಯಲ್ಲೊಂದು ಪುಟಾಣಿ ಪಿಸ್ತೂಲು, ಅಷ್ಟೇ. ಎದುರಿಗೆ ಗೋಡೆ ತುಂಬ ಚೋಝೋಗಳ (ಆಟದಲ್ಲಿ ಬರೋ ಹಕ್ಕಿಯಂಥ ಜನಾಂಗ) ಯುದ್ಧದೇವರ ಚಿತ್ರ, ಅದರ ಜೊತೆಗೇ ಕಾದಾಟ.

ನಾನೋ, ಬಟನ್ ಕಿತ್ತು ಹೋಗೋ ಹಾಗೆ ಹೊಡೆದಿದ್ದೇ ಹೊಡೆದಿದ್ದು. ಅದಕ್ಕೆ ಏನೂ ಆಗ್ಲಿಲ್ಲ, ನಂಗೇ ಏಟು.

ಆಮೇಲೆ ಗೊತ್ತಾಯ್ತು. ಅಲ್ಲೊಂದು ದುಂಡು ಕನ್ನಡಿ ಇದೆ. ಅದರಲ್ಲಿ ಸ್ಯಾಮಸ್‌ದೇ ಬಿಂಬ ನಿಧಾನಕ್ಕೆ ಮೂಡುತ್ತೆ. ಪೂರ್ತಿ ಮೂಡೋವರೆಗೂ ಸುಮ್ಮನಿರಬೇಕು. ಆಗಲೇ ಗುಂಡು ಹೊಡೀಬೇಕು.

ಸುಮ್ಮನಿರೋದಾ? ಲಿಫ್ಟ್ ಬಟನ್ನನ್ನೇ ನಾಲ್ಕು ಸಲ ಒತ್ತೋನು ನಾನು.

ಹತ್ತನೇ ಸಲ ಉಸಿರು ಬಿಗಿಹಿಡಿದು ಕಾದೆ. ನನ್ನನ್ನೇ ಗುರಿಯಿಟ್ಟ ಹಾಗನ್ನಿಸ್ತು.

ಹೊಸ ಕವಚ ಸಿಕ್ತು. ಕಾಫಿ ಆರಿಹೋಗಿತ್ತು.