ಎಸ್ಟಿಮೇಟಿನ ಕೊನೇ ಸಾಲು

ಬೆಳಗ್ಗೆ ಗ್ರೂಪಿಗೊಂದು ಫೋಟೋ ಬಂತು. ಮಗುವಿನ ಕ್ಯಾನ್ಸರ್ ಚಿಕಿತ್ಸೆಗೆ ಅಮೆರಿಕದ ಆಸ್ಪತ್ರೆ ಕೊಟ್ಟ ಎಸ್ಟಿಮೇಟು. ಕೆಳಗೆ ದುಡ್ಡಿನ ಸಹಾಯ ಕೇಳಿ ಮಗುವಿನ ಅಪ್ಪನ ನಂಬರು.

ಕಾಗದದ ಮಡಿಕೆ ಸರಿಯಾಗಿ ಕೊನೇ ಸಾಲಿನ ಮೇಲೇ ಬಿದ್ದಿತ್ತು. ಸಣ್ಣಕ್ಷರ. ಇದು ಅಂದಾಜು ಮಾತ್ರ, ಐಸಿಯು ಖರ್ಚು ಸೇರಿಲ್ಲ.

ಎಷ್ಟೋ ಮನೆಯವರು ಎಡವೋದೇ ಅಲ್ಲಿ. ಕೀಮೋ ಆದಮೇಲೆ ಬಿಳಿ ರಕ್ತಕಣ ಇಳಿಯುತ್ತೆ, ಜ್ವರ ಬರುತ್ತೆ, ಮತ್ತೆ ಅಡ್ಮಿಟ್, ಮತ್ತೆ ಬಿಲ್ಲು. ಬಾಡಿಗೆ, ಊಟ, ಓಡಾಟ ಬೇರೆ. ಡಾಲರ್ ಒಂದೇ ರೂಪಾಯಿ ಏರಿದರೂ ಎರಡು ಲಕ್ಷ ಡಾಲರಿಗೆ ಎರಡು ಲಕ್ಷ ರೂಪಾಯಿ ಜಾಸ್ತಿ.

ಆರ್‌ಬಿಐ ನಿಯಮದ ಪ್ರಕಾರ ಒಬ್ಬರು ವರ್ಷಕ್ಕೆ 2,50,000 ಡಾಲರ್ ಹೊರಗೆ ಕಳಿಸಬಹುದು. ಚಿಕಿತ್ಸೆಗಾದರೆ ಆಸ್ಪತ್ರೆಯ ಎಸ್ಟಿಮೇಟ್ ತೋರಿಸಿ ಅದಕ್ಕಿಂತ ಹೆಚ್ಚೂ ಕಳಿಸಬಹುದು. ಅದಕ್ಕೇ ಆ ಕಾಗದದಲ್ಲಿ ಮಗುವಿನ ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರಲಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಬ್ಯಾಂಕಿನ ಟೇಬಲ್ ಮೇಲೆ ಫೈಲು ಕೂತುಬಿಡಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡೋ ತೆರಿಗೆ, ಕಟ್ಟಬೇಕು. ರಿಟರ್ನ್ಸ್ ಹಾಕಿದಾಗ ಹೊಂದಿಸಿಕೊಳ್ಳಬಹುದು, ನಿಜ. ಆದರೆ ಆ ದುಡ್ಡು ಬೇಕಾಗಿರೋದು ಇವತ್ತು.

ಟಿಕೆಟ್ ಬುಕ್ ಮಾಡೋ ಮೊದಲು ಟಾಟಾ ಮೆಮೋರಿಯಲ್ಲೋ ಕಿದ್ವಾಯಿಯೋ, ಒಂದು ಸೆಕೆಂಡ್ ಒಪಿನಿಯನ್ ತಗೊಳ್ಳಲಿ. ರೋಗಿಯದೇ ರೋಗನಿರೋಧಕ ಕಣಗಳನ್ನು ಬದಲಾಯಿಸಿ ಕ್ಯಾನ್ಸರಿನ ಮೇಲೆ ಬಿಡೋ ಕಾರ್-ಟಿ ಚಿಕಿತ್ಸೆಗೆ 2023ರಲ್ಲೇ ನಮ್ಮಲ್ಲಿ ಅನುಮತಿ ಸಿಕ್ಕಿದೆ. ಎಲ್ಲ ಕ್ಯಾನ್ಸರಿಗೂ ಅಲ್ಲ, ಎಲ್ಲ ವಯಸ್ಸಿಗೂ ಅಲ್ಲ, ಆದರೂ ಕೇಳಲೇಬೇಕು.

ದುಡ್ಡು ಹಾಕೋರು ದಯವಿಟ್ಟು ಹಾಕಿ. ಆಗೋದಾದರೆ ಆಸ್ಪತ್ರೆಯ ಖಾತೆಗೇ ಹೋಗೋ ಹಾಗೆ ನೋಡಿಕೊಳ್ಳಿ. ಹಾಗೇ ಆ ಅಪ್ಪನ ಹತ್ತಿರ ಎಸ್ಟಿಮೇಟಿನ ಎರಡನೇ ಪುಟ ಇದೆಯಾ ಅಂತ ಒಂದು ಮಾತು ಕೇಳಿ.