ಕಾಪರ್-ಟಿ ಇದ್ದೂ ಬಸಿರಾದಾಗ

ಬಸಿರಾಗದಿರಲಿ ಅಂತ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಿಕೊಂಡ ಮೇಲೆ ಆ ಚಿಂತೆ ಬಿಟ್ಟೇಬಿಟ್ಟಿದ್ದೆ. ಮುಟ್ಟು ತಡವಾಯಿತು. ಅನುಮಾನ ಕಳೆಯಲಿ ಅಂತ ಮೂತ್ರ ಪರೀಕ್ಷೆ ಮಾಡಿದರೆ ಎರಡು ಗೆರೆ. ಎರಡನೆಯದು ತೆಳುವಾಗಿತ್ತು. ತೆಳುವಾದರೂ ಗೆರೆ ಗೆರೆಯೇ.

ಕಾಪರ್-ಟಿ ಇರುವ 100 ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕೆ ಹೀಗಾಗುತ್ತದಂತೆ. ಆದರೆ ಬಸಿರು ನಿಂತರೆ ಅದು ಗರ್ಭನಾಳದಲ್ಲಿ ನಿಂತಿರುವ ಸಾಧ್ಯತೆಯನ್ನು ನೋಡಲೇಬೇಕು, ನಾಳ ಒಡೆದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಸ್ಕ್ಯಾನ್. ಪರದೆಯ ಮೇಲೆ ಪುಟ್ಟ ಕಪ್ಪು ಚುಕ್ಕೆ. "ಗರ್ಭಕೋಶದ ಒಳಗೇ ಇದೆ" ಅಂದರು ಡಾಕ್ಟರ್. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಿಡಿಯುವುದರಿಂದ ಆಗಲೇ ಐದು ವಾರ ದಾಟಿತ್ತು. ಉಳಿಸಿಕೊಂಡರೂ ಬೇಡವೆಂದರೂ ಕಾಪರ್-ಟಿ ತೆಗೆಯಬೇಕು ಅಂದರು. ಅದರ ದಾರ ಕಾಣುತ್ತಿತ್ತು, ಅಲ್ಲೇ ತೆಗೆದರು.

ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಅವಳ ಹೆರಿಗೆಯಾದ ಮೇಲೆ ತಿಂಗಳುಗಟ್ಟಲೆ ಕಾರಣವಿಲ್ಲದೆ ಅತ್ತಿದ್ದೆ. ಮಗುವನ್ನು ಎತ್ತಿಕೊಳ್ಳಲೂ ಭಯವಾಗುತ್ತಿತ್ತು. ಚಿಕಿತ್ಸೆ ತೆಗೆದುಕೊಂಡು ಈಚೆಗಷ್ಟೇ ಸುಧಾರಿಸಿಕೊಂಡಿದ್ದೆ.

ನಮ್ಮವರು "ನಿನ್ನಿಷ್ಟ, ನೀನು ಏನಂದ್ರೂ ಸರಿ" ಅಂದರು. ಕೇಳೋಕೆ ಒಳ್ಳೆಯ ಮಾತೇ ಅಲ್ವಾ? ನನಗೆ ಮಾತ್ರ ಭಾರವೆಲ್ಲ ನನ್ನ ತಲೆಯ ಮೇಲೇ ಬಿದ್ದ ಹಾಗಾಯಿತು. ರಾತ್ರಿ ಮಗಳು ಮಲಗಿದ ಮೇಲೆ ಕೇಳಿಯೇಬಿಟ್ಟೆ: "ತೀರ್ಮಾನ ನಾನೇ ಮಾಡ್ತೀನಿ. ಆದ್ರೆ ನಿಮ್ಮ ಮನಸ್ಸಲ್ಲಿ ಏನಿದೆ ಹೇಳಿ."

ಅವರು ಮಗಳ ಬಟ್ಟೆ ಮಡಚುತ್ತಿದ್ದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ಆಮೇಲೆ, "ಇನ್ನೊಂದು ಮಗು ಅಂದ್ರೆ ನಂಗೆ ಆಸೆ ಇದೆ. ಆದ್ರೆ ನೀನು ಮತ್ತೆ ಹಾಗಾಗೋದನ್ನ ನೋಡೋ ಧೈರ್ಯ ಇಲ್ಲ" ಅಂದರು. ಇಬ್ಬರೂ ಅತ್ತೆವು. ಆಸೆ ಇದೆ ಅಂದಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಅವರು ಬಾಯಿಬಿಟ್ಟು ಹೇಳಿದ್ದರಿಂದಲೇ ನನ್ನ ಮನಸ್ಸೂ ನನಗೆ ಗೊತ್ತಾಯಿತು. ಈಗ ನನ್ನ ಕೈಲಾಗುವುದಿಲ್ಲ.

ಡಾಕ್ಟರ್ ನನ್ನೊಬ್ಬಳನ್ನೇ ಒಳಗೆ ಕರೆದು, "ಯಾರ ಬಲವಂತನೂ ಇಲ್ಲ ತಾನೇ?" ಅಂತ ಕೇಳಿದರು. ಎಲ್ಲ ಡಾಕ್ಟರೂ ಕೇಳಲೇಬೇಕಾದ ಪ್ರಶ್ನೆ ಇದು. ಆಮೇಲೆ ಗರ್ಭಪಾತದ ಮಾತ್ರೆ ಕೊಟ್ಟರು: ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಹೊಟ್ಟೆನೋವು ಮುಟ್ಟಿನ ನೋವಿಗಿಂತ ಜೋರಾಗಿಯೇ ಇತ್ತು. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ ತಕ್ಷಣ ಬರಬೇಕು ಅಂದಿದ್ದರು. ನಮ್ಮವರು ಪಕ್ಕದಲ್ಲೇ ಕೂತು ಲೆಕ್ಕ ಇಟ್ಟರು. ಅಷ್ಟು ಆಗಲಿಲ್ಲ.

ಮತ್ತೆ ತೋರಿಸಲು ಹೋದಾಗ ಅವರೂ ಒಳಗೆ ಬಂದರು. "ಮುಂದೆ ಮಗು ಬೇಕು ಅನಿಸಿದ್ರೆ, ಇವಳಿಗೆ ಆ ಖಿನ್ನತೆ ಮತ್ತೆ ಬರುತ್ತಾ ಡಾಕ್ಟ್ರೇ?" ಅಂತ ಅವರೇ ಕೇಳಿದರು. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಆದರೆ ಮೊದಲೇ ತಿಳಿಸಿದರೆ ಬಸಿರಿನಲ್ಲೇ ನಿಗಾ ಇಟ್ಟು ಚಿಕಿತ್ಸೆ ಕೊಡಬಹುದು ಅಂದರು. ಇದು ಮೊದಲೇ ಗೊತ್ತಿದ್ದರೂ ನನ್ನ ತೀರ್ಮಾನ ಬದಲಾಗುತ್ತಿರಲಿಲ್ಲ. ಮುಂದೆ ಬೇಕು ಅನಿಸಿದರೆ ಮೊದಲು ಆ ಡಾಕ್ಟರ್ ಹತ್ತಿರವೇ ಹೋಗುತ್ತೇವೆ, ಇಬ್ಬರೂ.